ಬಲ್ಬು ಆರಿದಾಗ

ಅಶ್ವಿನಿಗೆ ಕಿವಿ ಇರಲಿಲ್ಲ, ಅಕ್ಕಿ ಮಿಲ್ಲಿನ ಹಳೆಯ ಮೇಸ್ತ್ರಿ ರಾಜೇಸಾಬನಿಗಿದ್ದಂಥ ಎಂಜಿನ್ನಿನ ಕಿವಿ; ಅವಳಿಗಿದ್ದದ್ದು ಬೋರ್ಡಿನ ಮೇಲಿನ ಎರಡು ಬಲ್ಬು ಮಾತ್ರ, ಈಗ ಹೊತ್ತಿಕೊಳ್ಳುತ್ತಿವೆ, ಕೆಂಪಗೆ, ಹಳದಿ, ಬೆಳ್ಳಗೆ, ಮತ್ತೆ ನಿಧಾನವಾಗಿ ಆರುತ್ತಿವೆ — ಎರಡು ಜನರೇಟರು ಒಂದೇ ಹೆಜ್ಜೆಗೆ ಬಂದರೆ ಕತ್ತಲು, ಹೆಜ್ಜೆ ತಪ್ಪಿದರೆ ಬೆಳಕು, ಕತ್ತಲಾದಾಗ ಹಿಡಿಕಿ ಎಳಿ ಬೇಟಿ, ಎರಡೂ ಕೂಡತಾವ, ಅಷ್ಟ ಐತಿ ಎಂದಿದ್ದ ರಾಜೇಸಾಬ, ಬೆಳಕಿದ್ದಾಗ ಎಳೆದ್ರ ಚಾಚಾ ಎಂದು ಕೇಳಿದ್ದಳು, ಎಳೆದ್ರ ಮೊದಲಿಂದ ಓಡೋ ಜನರೇಟರ್ ಸೆಟ್ಟು ಈ ಸೆಟ್ಟಿನ ಕುತ್ತಿಗಿ ಹಿಡಿದು ತನ್ನ ಹೆಜ್ಜೀಗೆ ತಿರುವತೈತಿ, ಕಬ್ಬಿಣ ತಡ್ಯಂಗಿಲ್ಲ — ಅಂಗೈ ವೇಲಿಗೆ ಒರೆಸಿಕೊಳ್ಳುತ್ತಾಳೆ, ಮತ್ತೊಂದು ಕತ್ತಲು ಬಂತು, ಹೋಯಿತು, ನಾಲ್ಕನೆಯದು, ಕೈ ಏಳಲಿಲ್ಲ. ಜವಳಗೇರಾದ ಗದ್ದೆಯಲ್ಲಿ ಅವ್ವ ಆದಮ್ಮ ನಾಟಿ ಹಚ್ಚುತ್ತಾಳೆ, ಇಪ್ಪತ್ತು ಹೆಂಗಸರು ಬಗ್ಗಿಕೊಂಡೇ ಒಟ್ಟಿಗೆ ಹಿಂದೆ ಸರಿಯುತ್ತಾರೆ, ಯಾರೂ ಎಣಿಸುವುದಿಲ್ಲ, ಹೆಂಗ ಗೊತ್ತಾಗತೈತಿ ಯವ್ವಾ ಅಂದರೆ, ಬಾಜೂದಾಕಿ ಕಾಲಾಗಿನ ನೀರಿನ ಸಪ್ಪಳ ಕೇಳತೈತಲ್ಲ ಅಂದಿದ್ದಳು ಆದಮ್ಮ, ಎಲ್ಲರಿಗೂ ಕೇಳುತ್ತದೆ, ತನಗೊಬ್ಬಳಿಗೇ — ಏನಬೇ, ದೀಪ ನೋಡಾಕ ಬಂದೀಯೇನು, ಬಾಗಿಲಲ್ಲಿ ಮಿಲ್ಲಿನ ಮಾಲೀಕ ಚನ್ನವೀರ ಸಾಹುಕಾರ, ಕರೆಂಟ್ ಹೋಗಿ ಎರಡು ತಾಸಾತು, ಒಂದು ಸೆಟ್ಟಿಗೆ ಡ್ರೈಯರ್ ಏಳವಲ್ದು, ಹಸಿ ಭತ್ತ ಮುಗ್ಗಾಕತ್ತೈತಿ, ಲಿಂಗಸುಗೂರ ಪಾಲಿಟೆಕ್ನಿಕ್‌ನಾಗ ಮೂರು ವರ್ಷ ಬರೇ ಹೆದರೋದು ಕಲಿಸ್ಯಾರೇನು — ಎರಡನೆಯ ಸೆಟ್ಟಿನ ಹತ್ತಿರ ರಾಜೇಸಾಬ ಬಾಗಿದ್ದಾನೆ, ಬಲಗೈ ಬೇರಿಂಗಿನ ಮೇಲೆ, ನಾಡಿ ಹಿಡಿದಂತೆ, ಪಕ್ಕದಲ್ಲೇ ಎಂಜಿನ್ನು ಜನರೇಟರು ಕೂಡುವ ಕಪ್ಲಿಂಗು, ಅದರ ಕಾವಲು ಜಾಲರಿ ಬಿಚ್ಚಿಟ್ಟು ಎಷ್ಟು ವರ್ಷವಾಯಿತೋ, ದೂರ ಸರೀರಿ ಚಾಚಾ, ನೀ ಎಳಿ ಬೇಟಿ, ನಾ ಸತ್ರ ಮಿಲ್ಲಿಗೆ ಒಂದಿನ ರಜಾ ಸಿಗತೈತಿ, ನಗುತ್ತಾನೆ. ಗದ್ದಲ ಏರುತ್ತದೆ, ಇಳಿಯುತ್ತದೆ, ಅದರಲ್ಲೇನೋ ತಾಳವಿದೆಯಂತೆ, ಅವಳಿಗೆ ಬರೀ ಗದ್ದಲ, ಬಲ್ಬು ಕೆಂಪಗೆ, ಹಳದಿ, ಈ ಸಲ ಬಿಡಬಾರದು, ಸಾಹುಕಾರ ನೋಡುತ್ತಿದ್ದಾನೆ, ಬೆಳ್ಳಗೆ, ಇನ್ನೂ ಬೆಳ್ಳಗೆ, ಕತ್ತಲು — ಎಳೆದಳು.

ನೆಲ ಜಿಗಿಯಿತು. ಯಾರೋ ಕೂಗಿದರು, ಯಾ ಅಲ್ಲಾ, ಚಾಚಾನೇ, ಸಾಹುಕಾರ ಗೋಣಿಚೀಲ ತರ್ರಿ ಲೇ ಎನ್ನುತ್ತಿದ್ದಾನೆ, ಅವಳ ಕೈ ಹಿಡಿಕೆ ಬಿಡುತ್ತಿಲ್ಲ, ಬಲ್ಬು ನಿಧಾನವಾಗಿ ಆರಲಿಲ್ಲ, ಒಮ್ಮೆಲೇ ಆರಿತು, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಬಲ್ಬು, ಒಂದರ ತಂತಿ ಹರಿದರೆ ಹೆಜ್ಜೆ ಕೂಡದಿದ್ದರೂ ಎರಡೂ ಆರುತ್ತವೆ, ಪರೀಕ್ಷೆಯಲ್ಲಿ ಬರೆದಿದ್ದಳು, ಚಿತ್ರ ಸಮೇತ, ಪೂರ್ತಿ ಅಂಕ ಬಂದಿತ್ತು, ಬೆಳ್ಳಗಿತ್ತು, ಒಮ್ಮೆಲೇ ಆರಿತು, ಬೆಳ್ಳಗಿತ್ತು, ಒಮ್ಮೆಲೇ — ಹೋದದ್ದು ಕಪ್ಲಿಂಗಿನ ಆರು ಬೋಲ್ಟು, ಬಲ್ಬು ಒಂದು, ರಾಜೇಸಾಬನ ಬಲಗೈಯ ಮೂರು ಬೆರಳು.