ಫೋನಿಗೆ ತೋರಿಸದ ಬಲಗಾಲು

ನಮ್ಮೂರು ಕುರ್ಡಿಯಲ್ಲಿ ಯಾರಿಗಾದರೂ ಮೈ ಕೆಟ್ಟರೆ ಮೊದಲು ಬರುವ ಮಾತು, ಮಾನ್ವಿ ಬಸ್ಸು ಹೋಯಿತೋ ಇದೆಯೋ ಎನ್ನುವುದು. ಹೋಗಿದ್ದರೆ ಅಂಗಡಿಯ ಗುಳಿಗೆ ನುಂಗಿ ಮಲಗುತ್ತೇವೆ. ಇದ್ದರೂ ಹೊಲದ ಕೆಲಸ ಬಿಟ್ಟು ಯಾರು ಹೋಗುತ್ತಾರೆ? ದೊಡ್ಡ ಡಾಕ್ಟರು ಬೇಕೆಂದರೆ ರಾಯಚೂರಿಗೇ ಹೋಗಬೇಕು. ಅಲ್ಲಿ ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ತಿರುಗಿ ಊರು ಸೇರುವಷ್ಟರಲ್ಲಿ ದಿನವೇ ಹೋಗಿರುತ್ತದೆ. ಹೀಗೆ ನಾಳೆ ನಾಳೆ ಎಂದು ತಳ್ಳಿ ಕೆಟ್ಟ ಮನೆಗಳು ನಮ್ಮಲ್ಲಿ ಬಹಳ. ನಮ್ಮ ಮನೆಗೆ ಆ ನೆಪವೂ ಇಲ್ಲ. ಫೋನಿನಲ್ಲಿ ಡಾಕ್ಟರು ನಮ್ಮ ಊರಿನ ತನಕ ಬಂದಿದ್ದರು. ತೋರಿಸದೆ ಎದ್ದು ಬಂದವರು ನಾವು.

ನಾನು ಚನ್ನಮಲ್ಲಮ್ಮ. ಇದು ನಾನು ಹೇಳಿದ್ದು, ನಮ್ಮೂರ ಆರೋಗ್ಯ ಉಪಕೇಂದ್ರದ ಅಧಿಕಾರಿ ವಿಶಾಖಾ ಬರೆದುಕೊಂಡದ್ದು. ನನ್ನ ಬಾಯಿ ಜೋರು, ಊರಿಗೆಲ್ಲ ಗೊತ್ತು. ಬೈಗುಳ ಬಿಟ್ಟು ಉಳಿದದ್ದೆಲ್ಲ ಬರಿ, ನನ್ನ ತಪ್ಪನ್ನು ಮಾತ್ರ ಬಿಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ನನ್ನ ಗಂಡ ಮಹಾಂತಯ್ಯ, ಊರಿಗೆ ಅಯ್ಯನವರು. ಎರಡು ಎಕರೆ ಹತ್ತಿ ಹೊಲ ಇದೆ. ಆದರೂ ಸೋಮವಾರ ಬಂತೆಂದರೆ ಜೋಳಿಗೆ ಹಾಕಿಕೊಂಡು ಬರಿಗಾಲಲ್ಲಿ ಮನೆಮನೆಗೆ ಭಿಕ್ಷೆಗೆ ಹೋಗುವುದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ಹೋದ ಮನೆಯವರು ಹೊಸ್ತಿಲ ಮುಂದೆ ಇವರ ಪಾದಕ್ಕೆ ನೀರು ಹಾಕಿ, ಬಲಗಾಲಿನ ಹೆಬ್ಬೆರಳು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಊರೇ ಮುಟ್ಟುವ ಕಾಲು ಎಂದು ನನಗೆ ಒಳಗೊಳಗೇ ಬಹಳ ಹೆಮ್ಮೆ ಇತ್ತು.

ನಾಲ್ಕು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ನೆನಪಾದರೆ ಗುಳಿಗೆ, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಹೊಲದಲ್ಲಿ ಹತ್ತಿ ಕಟ್ಟಿಗೆ ಕೀಳುವಾಗ ನೆಲದಲ್ಲಿ ಉಳಿದ ಒಂದು ಚೂಪು ಕೂಳೆ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ನಾನು ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದೆ. ಸೋಮವಾರ ಆ ಬಟ್ಟೆ ಬಿಚ್ಚಿಟ್ಟು ಭಿಕ್ಷೆಗೆ ಹೋದರು. ಹನ್ನೊಂದು ಮನೆಯ ನೀರು ಗಾಯದ ಮೇಲೆ ಬಿತ್ತು, ಹನ್ನೊಂದು ಓಣಿಯ ಧೂಳು ಮೆತ್ತಿಕೊಂಡಿತು.

"ನೋವಾಗಾಕತ್ತದೇನ್ರಿ?" ಎಂದು ಕೇಳಿದೆ.

"ಏನೂ ಗೊತ್ತಾಗವಲ್ದು," ಎಂದರು.

ನೋವಿಲ್ಲ ಎಂದ ಮೇಲೆ ಮಾಯುತ್ತಿದೆ ಎಂದುಕೊಂಡು ನಾನು ರೊಟ್ಟಿ ಬಡಿಯಲು ಕುಳಿತೆ.

ಅವರು ಕಾಲೆಳೆದು ನಡೆಯುವುದನ್ನು ಮೊದಲು ಗಮನಿಸಿದವಳು ಶೇಖಮ್ಮ. ನಮ್ಮ ಮಹಿಳಾ ಸಂಘದವಳು. ಅವಳೇ ಬಾಗಿಲಿಗೆ ಬಂದು ಹೇಳಿದಳು.

"ಯಕ್ಕಾ, ಅಯ್ಯನೋರಿಗೆ ಕಾಲು ಊರಾಕ ಆಗವಲ್ದು. ವಿಶಾಖಾನ ಹತ್ರ ಕರಕೊಂಡು ಹೋಗು. ಫೋನಿನ್ಯಾಗ ರಾಯಚೂರ ಡಾಕ್ಟರ್ ನೋಡ್ತಾರ."

"ಫೋನಿನ್ಯಾಗಿನ ಡಾಕ್ಟರ್ ನಾಡಿ ಹೆಂಗ ಹಿಡೀತಾನಬೇ? ಕೈ ಹೊರಗ ಚಾಚ್ತಾನೇನು?"

"ನಗಬ್ಯಾಡ. ನನ್ನ ಮಗಳ ಮೈಮ್ಯಾಲಿನ ಕಜ್ಜಿ ಹಂಗ ನೋಡೇ ಔಷಧ ಬರದ್ರು. ಎಂಟು ದಿನಕ್ಕ ಹೋತು. ಸಕ್ಕರಿ, ಬಿಪಿ ಎಲ್ಲಾ ವಿಶಾಖಾ ಇಲ್ಲೇ ನೋಡ್ತಾಳ. ಡಾಕ್ಟರ್ ಕೇಳಿದ್ದು ಹೇಳೂದು, ತೋರ್ಸು ಅಂದದ್ದು ತೋರ್ಸೂದು. ಅಷ್ಟ ನಮ್ಮ ಕೆಲಸ."

ಆ ಅಷ್ಟೇ ಕೆಲಸ ನಮ್ಮಿಂದ ಆಗಲಿಲ್ಲ.

ಮಂಗಳವಾರ ಉಪಕೇಂದ್ರಕ್ಕೆ ಹೊರಟೆವು. ಡಾಕ್ಟರಿಗೆ ಮುಖ ಕಾಣುತ್ತದಲ್ಲ ಎಂದು ನಾನು ಗಂಡನಿಗೆ ಒಗೆದ ಧೋತರ ಉಡಿಸಿದೆ, ಹೆಗಲಿಗೆ ಶಲ್ಯ ಹಾಕಿದೆ, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಸಿದೆ. ಗಾಯಕ್ಕೆ ಬಿಗಿಯಾಗಿ ಹೊಸ ಬಟ್ಟೆ ಕಟ್ಟಿದೆ. ಮದುಮಗನ ಹಾಗೆ ಸಿಂಗರಿಸಿ ಕರೆದುಕೊಂಡು ಹೋದೆ, ಯಾವ ಕೆಲಸಕ್ಕೆ ಹೋಗುತ್ತಿದ್ದೇವೆ ಎನ್ನುವುದನ್ನೇ ಮರೆತು.

ವಿಶಾಖಾ ಬೆರಳಿಗೆ ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಮುನ್ನೂರು ದಾಟಿತ್ತು. ಅವಳು ಮೇಜಿನ ಮೇಲೆ ಫೋನು ನಿಲ್ಲಿಸಿ ರಾಯಚೂರಿಗೆ ಹಚ್ಚಿದಳು. ಕನ್ನಡಕ ಹಾಕಿದ, ಕೂದಲು ನೆರೆತ ಒಬ್ಬ ಹೆಣ್ಣುಮಗಳ ಮುಖ ಕಾಣಿಸಿತು. ಡಾಕ್ಟರ್ ಅಸ್ಮತ್. ಇವರ ಹಣೆಯ ವಿಭೂತಿ ನೋಡಿದವರೇ ಎರಡೂ ಕೈ ಜೋಡಿಸಿದರು.

"ನಮಸ್ಕಾರ ಅಯ್ಯನೋರ. ಗಾಯ ಆಗ್ಯದಂತಲ್ರಿ. ಬಟ್ಟಿ ಬಿಚ್ಚಿ ಕಾಲು ಫೋನಿನ ಮುಂದ ಹಿಡೀರಿ, ನೋಡೂಣ."

ಇವರು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಕೈ ಮುಗದ ಹೆಣ್ಣಮಗಳ ಮಖಕ್ಕ ಕಾಲು ಹಿಡೀಲೇನು? ನನ್ನಿಂದ ಆಗಂಗಿಲ್ಲ."

"ಅಯ್ಯನೋರ, ಇದು ಬರೇ ಫೋನ್ ಅದ್ರಿ," ಎಂದಳು ವಿಶಾಖಾ. "ನೀವು ಕಾಲು ಎತ್ತಾದೂ ಬ್ಯಾಡ. ನಾನ ಫೋನ್ ಕೆಳಗ ತರ್ತೀನಿ." ಫೋನು ಹಿಡಿದು ನೆಲದ ಮೇಲೆ ಕುಳಿತೇಬಿಟ್ಟಳು.

ಇವರು ಇನ್ನೇನು ಒಪ್ಪುತ್ತಿದ್ದರೋ ಏನೋ. ಕಾಲು ಸ್ವಲ್ಪ ಮುಂದಕ್ಕೆ ಬಂದಿತ್ತು, ನಾನು ನೋಡಿದ್ದೇನೆ. ಅಷ್ಟರಲ್ಲಿ ನಾನು ಬಾಯಿ ಹಾಕಿದೆ.

"ಏಳವಾ, ಬ್ಯಾಡ. ಹಂಗ ಮರ್ಯಾದಿ ಬಿಟ್ಟು ನಡಕೊಳ್ಳಾದು ನಮ್ಮ ಮನ್ಯಾಗ ಇಲ್ಲ. ಸಣ್ಣ ಗಾಯ, ಮಾಯಾಕತ್ತದ. ನೋವು ಸುದ್ದಾ ಇಲ್ಲ. ಒಂದು ಮುಲಾಮು ಬರಕೊಡಾಕ ಹೇಳು, ಸಾಕು."

"ನೋವು ಇಲ್ಲ ಅನ್ನಾದಕ್ಕ ನನಗ ಚಿಂತಿ ಹತ್ತೇದಮ್ಮಾ," ಎಂದರು ಡಾಕ್ಟರು. "ಸಕ್ಕರಿ ಕಾಯಿಲಿ ಇದ್ದೋರಿಗೆ ಕಾಲಿನ ನರ ಜೋಮು ಹಿಡದಿರ್ತಾವ. ಒಳಗ ಕೊಳತರೂ ಗೊತ್ತಾಗಂಗಿಲ್ಲ. ನೋಡದ ನಾ ಹೆಂಗ ಹೇಳ್ಲಿ? ನಾನು ಡಾಕ್ಟರ್ ಇದ್ದೀನಿ, ತಪ್ಪು ತಿಳಕೊಳ್ಳಂಗಿಲ್ಲ."

ಅವರು ಮೂರು ಸಲ ಕೇಳಿದರು. ಮೂರು ಸಲವೂ ನಾನೇ ಬೇಡವೆಂದೆ. ಕಡೆಗೆ ಸಕ್ಕರೆಗೆ ಗುಳಿಗೆ ಬರೆದರು. ನಡೆದಾಡಬಾರದು, ಎರಡು ದಿನದೊಳಗೆ ಗಾಯ ತೋರಿಸಲೇಬೇಕು, ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಕಾಯದೆ ಸೀದಾ ಮಾನ್ವಿ ಆಸ್ಪತ್ರೆಗೆ ಹೋಗಬೇಕು ಎಂದು ಬಿಡಿಸಿ ಹೇಳಿದರು. ನಾನು ಹೂಂ ಹೂಂ ಎಂದು ತಲೆಯಾಡಿಸಿ, ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ.

ಗುರುವಾರ ಬಟ್ಟೆ ಬಿಚ್ಚಿದಾಗ ಹೆಬ್ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ವಾಸನೆಯೂ ಇತ್ತು. ಡಾಕ್ಟರು ಹೇಳಿದ ಮಾತು ನೆನಪಾಯಿತು. ನೆನಪಾಗಲಿಲ್ಲ ಎಂದರೆ ಸುಳ್ಳು. ಆದರೆ ಅಯ್ಯನವರ ಕಾಲಿಗೆ ಕೀವಾಗಿದೆ ಎಂದು ಊರಲ್ಲಿ ಹಬ್ಬಿದರೆ ನಾಳೆ ಯಾರು ಮುಟ್ಟಿ ನಮಸ್ಕರಿಸುತ್ತಾರೆ ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಅರಿಶಿಣ ಮತ್ತಷ್ಟು ಮೆತ್ತಿದೆ. ಒಳಗೆ ಊದಿನಕಡ್ಡಿ ಹಚ್ಚಿಟ್ಟೆ. ವಿಶಾಖಾ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ.

ಶುಕ್ರವಾರ ಬಿಸಿಲಲ್ಲಿ ನಡೆದು ಅವಳೇ ಮನೆಗೆ ಬಂದಳು. ಇವರು ಒಳಗೆ ಮಂಚದ ಮೇಲಿದ್ದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಅಯ್ಯನೋರು ಎಲ್ಲದಾರ್ರಿ ಅಮ್ಮಾ?"

"ದೇವದುರ್ಗಕ್ಕ ಹೋಗ್ಯಾರ. ಮದುವಿ ಅದ."

"ಆ ಕಾಲು ಇಟಗೊಂಡು?"

"ಆರಾಮ ಅದಾರವಾ ಈಗ. ಬಂದ ಮ್ಯಾಲ ಕಳಸ್ತೀನಿ."

ಅವಳು ತಿರುಗಿ ಹೋದಳು. ನಾನು ಈ ಭಾಗ ಹೇಳುವಾಗ ವಿಶಾಖಾ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಅವತ್ತ ನನಗ ಅನುಮಾನ ಬಂದಿತ್ರಿ ಅಮ್ಮಾ," ಎಂದಳು. "ನಿಮ್ಮ ಬಾಯಿಗೆ ಅಂಜಿ ತಿರುಗಿ ಹೋದೆ. ಒಳಗ ಬರಬೇಕಿತ್ತು." ಅದನ್ನೂ ಬರಿ ಎಂದೆ.

ಮತ್ತೆ ಸೋಮವಾರ ಬಂತು. ಇವರು ಜೋಳಿಗೆಗೆ ಕೈ ಚಾಚಿದವರು ಹೊಸ್ತಿಲಲ್ಲೇ ಕುಸಿದರು. ಮೈ ಕೆಂಡದಂತೆ ಸುಡುತ್ತಿತ್ತು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನಮ್ಮ ಮಗ ಮಲ್ಲೇಶ ಗಾಡಿ ತಂದ. ಮಾನ್ವಿಯಲ್ಲಿ ನೋಡಿದವರು ತಡಮಾಡದೆ ರಾಯಚೂರಿಗೆ ಕಳಿಸಿದರು. ಅಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದರು. ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಮಲ್ಲೇಶ ಸಹಿ ಹಾಕಿದ. ಅವತ್ತೇ ಕಾಲು ತೆಗೆದರು.

ಮರುದಿನ ಡಾಕ್ಟರ್ ಅಸ್ಮತ್ ನೋಡಲು ಬಂದರು. ಫೋನಿನಲ್ಲಿ ಕಂಡದ್ದಕ್ಕಿಂತ ಗಿಡ್ಡ ಇದ್ದರು. ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ನಾನೇ ಕೇಳಿದೆ.

"ಅವತ್ತ ತೋರ್ಸಿದ್ರ ಕಾಲು ಉಳೀತಿತ್ತೇನ್ರಿ?"

"ಖಾತ್ರಿ ಹೌದು ಅಂತ ಹೇಳಾಕ ಬರಂಗಿಲ್ಲಮ್ಮಾ. ಆದ್ರ ಕಂಡಿದ್ರ ಅವತ್ತ ಇಲ್ಲಿಗೆ ಕರಸ್ತಿದ್ದೆ. ನಮಗ ಆರು ದಿನ ಸಿಗ್ತಿದ್ವು."

ಆ ಆರು ದಿನ ಈಗಲೂ ನನ್ನ ಎದೆಯ ಮೇಲೆ ಕುಳಿತಿವೆ. ಒಂದೊಂದು ದಿನ ಏನು ಅಡುಗೆ ಮಾಡಿದ್ದೆ ಎನ್ನುವುದೂ ನೆನಪಿದೆ.

ಊರಿಗೆ ಬಂದ ಮೇಲೆ ಇವರು ಭಿಕ್ಷೆಗೆ ಹೋಗಲಾರರು ಎಂದು ಜನರೇ ಸೋಮವಾರ ಮನೆಗೆ ಬರತೊಡಗಿದರು. ಮೊದಲು ಬಂದವನು ಹುಲಗಪ್ಪ. ನಮ್ಮ ಹೊಲದ ಪಕ್ಕದ ಹೊಲದವನು, ಚಿಕ್ಕಂದಿನಿಂದ ಈ ಕಾಲು ಮುಟ್ಟಿದವನು. ತಂಬಿಗೆ ಹಿಡಿದು ಕಣ್ಣು ಮುಚ್ಚಿ ಬಾಗಿದ. ಕೈ ರೂಢಿಯಂತೆ ಬಲಕ್ಕೆ ಹೋಯಿತು. ಅಲ್ಲಿ ಕಾಲಿರಲಿಲ್ಲ. ಕಣ್ಣು ತೆರೆದವನು ಕೈಯನ್ನು ಹಾಗೆಯೇ ಹಿಡಿದು ಕುಳಿತುಬಿಟ್ಟ.

"ಎಡಗಾಲು ಅದಲ್ಲಪಾ," ಎಂದರು ಇವರು. "ಅದಕ್ಕ ಮಾಡು."

ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ನನಗೆ ಇವರು ಇವತ್ತಿನ ತನಕ ಒಂದು ಬಿರುಸು ಮಾತು ಆಡಿಲ್ಲ. ಒಂದು ಸಲವಾದರೂ ಬೈದುಬಿಡ್ರಿ ಎಂದು ಕೇಳಿಕೊಂಡಿದ್ದೇನೆ.

ಈಗ ಹದಿನೈದು ದಿನಕ್ಕೊಮ್ಮೆ ಉಪಕೇಂದ್ರಕ್ಕೆ ಹೋಗುತ್ತೇವೆ. ನಾನು ನೆಲದ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಫೋನಿನ ಮುಂದೆ ಹಿಡಿಯುತ್ತೇನೆ. ಅಂಗಾಲು, ಹಿಮ್ಮಡಿ, ಬೆರಳಿನ ಸಂದು, ಎಲ್ಲ ತೋರಿಸುತ್ತೇನೆ. ಇವರು ಈಗಲೂ ಮುಖ ಆ ಕಡೆ ತಿರುಗಿಸುತ್ತಾರೆ. "ತಪ್ಪು ತಿಳೀಬ್ಯಾಡ್ರಿ ಡಾಕ್ಟರಮ್ಮಾ," ಎನ್ನುತ್ತಾರೆ. "ಇನ್ನೊಂಚೂರು ಮ್ಯಾಲ ಎತ್ರಿ ಅಯ್ಯನೋರ," ಎನ್ನುತ್ತಾರೆ ಡಾಕ್ಟರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಊರಿನ ಉಪಕೇಂದ್ರದಲ್ಲೂ ಹೀಗೆ ಫೋನಿನಲ್ಲಿ ಡಾಕ್ಟರು ಸಿಗುತ್ತಾರೇನು, ಇವತ್ತೇ ವಿಚಾರಿಸಿ. ಹೋಗುವಾಗ ಹಳೆಯ ಚೀಟಿ, ನುಂಗುವ ಗುಳಿಗೆ ಜೊತೆಗೆ ಒಯ್ಯಿರಿ. ಗಾಯಕ್ಕೆ ಅರಿಶಿಣ, ಸುಣ್ಣ ಮೆತ್ತಿ ಮುಚ್ಚಬೇಡಿ. ಸಕ್ಕರೆ ಕಾಯಿಲೆ ಇದ್ದವರ ಕಾಲನ್ನು ದಿನಾ ಒಮ್ಮೆ ಬೆಳಕಿನಲ್ಲಿ ನೋಡಿ, ನೋವಿಲ್ಲ ಎಂದು ಬಿಡಬೇಡಿ. ಕಾಲಾಗಲಿ, ಎದೆಯಾಗಲಿ, ಮುಚ್ಚಿಕೊಳ್ಳುವ ಜಾಗವೇ ಆಗಲಿ, ಡಾಕ್ಟರು ಕೇಳಿದರೆ ತೋರಿಸಿ. ಅವರು ಕಂಡದ್ದನ್ನು ಊರಿಗೆ ಹೇಳುವುದಿಲ್ಲ. ಬನ್ನಿ, ಆಸ್ಪತ್ರೆಗೆ ನಡೆಯಿರಿ ಎಂದರೆ ಅದೇ ದಿನ ಹೊರಡಿ, ಫೋನಿನಲ್ಲಿ ಆಗದ ಕೆಲಸವೂ ಇರುತ್ತದೆ.

ಮನೆಯ ಮರ್ಯಾದೆ ಉಳಿಸಲು ಹೋಗಿ ನಾನು ಗಂಡನ ಕಾಲು ಕಳೆದೆ. ಈಗ ನಾನು ಎತ್ತಿ ಹಿಡಿಯುವುದು ಒಂದೇ ಕಾಲು. ನಿಮ್ಮ ಮನೆಯವರದ್ದು ಎರಡೂ ಇರುವಾಗಲೇ ತೋರಿಸಿ.