ಉಪವಾಸ ಕರಗಿಸಿದ ತೋಳು

ಚಾಚಿದ ಎಡಗೈ. ಅಂಗೈಯ ನಡುವೆ ಕರಿಯ ಇಷ್ಟಲಿಂಗ; ಅದರ ನೆತ್ತಿಯಲ್ಲಿ ಒಂದೇ ಬಿಲ್ವದಳ. ಮಣಿಕಟ್ಟಿನ ಮೂಳೆ ಗೋಲಿಯಂತೆ ಉಬ್ಬಿದೆ. ತೋಳು ಒಣಗಿದ ತೆಂಗಿನ ಗರಿಯ ದಂಟು. ಮೊಣಕೈ ಕೆಳಗೊಂದು ದಿಂಬು. ಕಿಟಕಿಯ ಬೆಳಕು ಅಲ್ಲಿಯೇ ನಿಂತಿದೆ.

ಗುಬ್ಬಿಯ ಮಹಾಲಿಂಗಯ್ಯನವರು ಐವತ್ತು ವರ್ಷ ಆ ಕೈಯನ್ನು ಆಸರೆಯಿಲ್ಲದೆ ಹಿಡಿದವರು. ಈಗ ದಿಂಬಿದ್ದರೂ ಇಳಿಯುತ್ತದೆ. ಹೆಂಡ ಮುಟ್ಟಿದವರಲ್ಲ; ಎಂದೋ ಹೊಕ್ಕ ಹೆಪಟೈಟಿಸ್ ವೈರಸ್ ಅವರ ಲಿವರನ್ನು ಗಂಟುಗಟ್ಟಿಸಿದೆ. ಲಿಂಗ ಜಾರಿಬಿಟ್ಟರೆ ಎಂಬುದೊಂದೇ ಅವರ ಅಂಜಿಕೆ.

"ಒಂದೇ ಹೊತ್ತು ಉಣ್ತಾರೆ ಕಣಮ್ಮ. ಹೊಟ್ಟೆಗೆ ರಜೆ ಕೊಟ್ರೆ ಲಿವರ್‌ಗೂ ರಜೆಯಂತೆ. ಇವ್ರೇ ಡಾಕ್ಟ್ರು!" ಮನೆಗೆ ಬಂದ ಆಶಾ ಕಾರ್ಯಕರ್ತೆ ಪ್ರಮೀಳಾಳಿಗೆ ಮಡದಿ ಶಕುಂತಲಮ್ಮ ದೂರಿದರು.

ಪೂಜೆ ಮುಗಿಯುವವರೆಗೆ ಕಾದು ಪ್ರಮೀಳಾ ಕೇಳಿದಳು: "ದೊಡ್ಡಪ್ಪ, ಅಟ್ಟದ ಮೇಲೆ ಕಾಯಿ ಯಾಕಿಟ್ಟಿದೀರಿ?"

"ಕೊಬ್ಬರಿ ಆಗ್ಲಿ ಅಂತ. ಬೇಕಾದಾಗ ಇಳಿಸ್ತೀವಿ."

"ಲಿವರ್ರೂ ಅಂಥದೇ ಅಟ್ಟ. ಉಂಡಿದ್ರಲ್ಲಿ ಒಂದು ಪಾಲನ್ನ ಅದರ ಜೀವಕೋಶಗಳು ಗ್ಲೈಕೋಜನ್ ಮಾಡಿ ಎತ್ತಿಡ್ತವೆ. ನೀವು ಮಲಗಿದಾಗ ಅದನ್ನೇ ಇಳಿಸಿ ಮೈಗೆ ಕೊಡ್ತವೆ."

ಮಹಾಲಿಂಗಯ್ಯ ಮುಂದೆ ಬಾಗಿದರು. "ನನ್ನ ಅಟ್ಟದಾಗೆ ಎಷ್ಟಿದೆ?"

"ಗಂಟುಗಟ್ಟಿದ ಲಿವರ್‌ನಲ್ಲಿ ಎತ್ತಿಡೋದೇ ಕಮ್ಮಿ. ಒಂದು ರಾತ್ರಿ ಹಸಿದಿದ್ರೆ, ಗಟ್ಟಿಮುಟ್ಟಾದೋರು ಎರಡ್ಮೂರು ದಿನ ಉಪವಾಸ ಇದ್ದಂಗೆ."

"ಖಾಲಿಯಾದ್ಮೇಲೆ ಮೈ ಎಲ್ಲಿಂದ ತರುತ್ತೆ?"

ಪ್ರಮೀಳಾ ಅವರ ತೋಳನ್ನು ಮೆಲ್ಲಗೆ ಮುಟ್ಟಿದಳು.

"ಇದ್ರಿಂದ್ಲಾ?"

"ಹೂಂ ದೊಡ್ಡಪ್ಪ. ಮಾಂಸ ಕರಗಿಸಿ ತರುತ್ತೆ."

"ಪೂಜೆ ಆಗದೆ ನಾನು ತೊಟ್ಟು ನೀರೂ ಮುಟ್ಟಲ್ಲ ಕಣವ್ವ."

"ಪೂಜೆ ಬಿಡಿ ಅಂದ್ನಾ? ಹತ್ತು ಗಂಟೆಗೆ ಮಾಡೋ ಪೂಜೆನ ಆರಕ್ಕೆ ಮಾಡಿ. ಆಮೇಲೆ ಮೂರ್ನಾಲ್ಕು ಗಂಟೆಗೊಂದ್ಸಲ ಏನಾದ್ರೂ ತಿನ್ನಿ. ಮಲಗೋ ಮುಂಚೆ ಒಂದು ಬಟ್ಟಲು ರಾಗಿ ಗಂಜಿ. ಒಪ್ಪತ್ತು ಮಾತ್ರ ಬಿಡಿ."

"ಶಿವ ಆರಕ್ಕೆ ಎದ್ದಿರ್ತಾನೆ," ಎಂದರು ಶಕುಂತಲಮ್ಮ. "ಏಳದವ್ರು ಇವ್ರೇ."

ಮಹಾಲಿಂಗಯ್ಯ ತಮ್ಮ ಬರಿಯ ಅಂಗೈಯನ್ನು ನೋಡಿದರು. "ಲಿಂಗ ಹಿಡಿಯೋ ಕೈಯನ್ನೇ ತಿಂತಿದ್ನಾ ನಾನು?... ಶಕುಂತಲಾ, ರಾತ್ರಿಗೆ ಗಂಜಿ ಕಾಯ್ಸು."

ಓದುತ್ತಿರುವ ಬಂಧುಗಳೇ, ನಿಮ್ಮ ಮನೆಯಲ್ಲಿ ಲಿವರ್ ಕಾಯಿಲೆಯವರಿದ್ದರೆ ಅವರನ್ನು ಬಹಳ ಹೊತ್ತು ಹಸಿದಿರಲು ಬಿಡಬೇಡಿ. ಮಲಗುವ ಮುನ್ನ ಒಂದಿಷ್ಟು, ಎದ್ದ ಮೇಲೆ ಬೇಗನೆ ಒಂದಿಷ್ಟು ಉಣಿಸಿ. ಏನು, ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿ. ಸಕ್ಕರೆ ಕಾಯಿಲೆಯೂ ಇದ್ದರೆ ತಪ್ಪದೆ ಕೇಳಿ.

ಮೂರು ತಿಂಗಳಾದ ಮೇಲೆ ಒಂದು ಸೋಮವಾರ. ಬೆಳಗಿನ ಏಳು ಗಂಟೆ. ತೋಳು ಪೂರ್ತಿ ತುಂಬಿರಲಿಲ್ಲ. ದಿಂಬು ಮಾತ್ರ ಮಂಚಕ್ಕೆ ಮರಳಿತ್ತು. ಪೂಜೆ ಮುಗಿಸಿ, ತಿಂಡಿ ತಿಂದು, ಮಹಾಲಿಂಗಯ್ಯನವರು ತೋಟಕ್ಕೆ ಹೊರಟರು. ಅವರ ಹಿಂದೆ ಬಾಗಿಲು ಮುಚ್ಚಿತು; ಎಳೆದದ್ದು ಅವರದೇ ಎಡಗೈ.