ಕೆಮ್ಮಣ್ಣಿನ ಗೆರೆಗಳು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಸಾವಂತ್ರಮ್ಮನಿಗೆ ಇವತ್ತಿಗೂ ಸಿರಿಗೇರಿಯ ಆ ಓಣಿ ಕಣ್ಣ ಮುಂದೆ ಬರುತ್ತದೆ. ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಸ್ವಾತಂತ್ರ್ಯ ಬಂದ ಹೊಸತು. ಬ್ರೂಸ್‌ಪೇಟೆಯ ಸೇವಾ ಸಂಘದವರು ಅವಳನ್ನು ಅಲ್ಲಿಗೆ ಕಳಿಸಿದ್ದರು. ಮೆಟ್ಟಿಲು ಬಾವಿಯ ನೀರು ಕುಡಿದು ಓಣಿಗೆ ಓಣಿಯೇ ಕಾಲಿನಿಂದ ದಾರದಂಥ ಹುಳು ಹೊರಬರುವ ನಾರುಹುಣ್ಣಿನಿಂದ ಕುಂಟುತ್ತಿತ್ತು. ಮನೆಗೊಂದು ಸೋಸುವ ಬಟ್ಟೆ ಕೊಟ್ಟು, ಸೋಸದೆ ಕುಡಿಯಬೇಡಿರೆಂದು ಕಾಡಿ ಬೇಡುವುದು ಅವಳ ಕೆಲಸ. ಹೆಂಗಸರಿಗೆ ಅಕ್ಷರ ಬಾರದು. ಅದಕ್ಕೇ ಮನೆಯಲ್ಲಿ ಯಾರಿಗೆ ಹುಣ್ಣೆದ್ದರೂ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣಿನ ಗೆರೆ ಎಳೆಯುವುದನ್ನು ಕಲಿಸಿದಳು. ಬಟ್ಟೆ ಬರುವ ಮುಂಚಿನವು ಮೇಲೆ, ಆಮೇಲಿನವು ಕೆಳಗೆ. ಗೋಡೆ ಎಲ್ಲಿಗೆ ಹೋಗುತ್ತದೆ ಎಂದು ತಾನೊಂದು ಪುಸ್ತಕ ಇಡಲಿಲ್ಲ, ಅದೇ ಅವಳ ತಪ್ಪು.

ಎರಡು ಬೇಸಿಗೆ ಕಳೆದ ಮೇಲೆ ಕಾರ್ಯದರ್ಶಿ ಉಚ್ಚಂಗೆಪ್ಪನವರ ಕಾಗದ ಬಂತು. ಬಟ್ಟೆಯಿಂದ ಹುಣ್ಣು ಕಡಿಮೆಯಾದದ್ದನ್ನು ಕಣ್ಣಾರೆ ನೋಡುತ್ತೇವೆ, ಇಲ್ಲವಾದರೆ ಬಟ್ಟೆ ನಿಲ್ಲಿಸುತ್ತೇವೆ ಎಂದಿತ್ತು. ಸಾವಂತ್ರಮ್ಮ ಕುರುಗೋಡಿಗೆ ಹೋಗಿ, ಬ್ರೂಸ್‌ಪೇಟೆಯಿಂದ ಬಂದ ಅವರನ್ನು ಬಸ್ಸಿನಲ್ಲಿ ಕರೆತಂದರೆ, ಓಣಿ ಬೆಳ್ಳಗೆ ಹೊಳೆಯುತ್ತಿದೆ! ದೊಡ್ಡವರು ಬರುತ್ತಾರೆಂದು ಆ ಪುಣ್ಯಾತ್ಗಿತ್ತಿಯರು ಗೋಡೆಗೆಲ್ಲ ಸುಣ್ಣ ಬಳಿದಿದ್ದರು. ಸಾವಂತ್ರಮ್ಮ ಓಡಿಹೋಗಿ ಮೊದಲ ಮನೆಯ ಬಾಗಿಲ ಪಕ್ಕ ನೋಡಿದಳು, ಒಂದು ಗೆರೆಯೂ ಇಲ್ಲ.

ಗೆರೆ ಹೋದರೇನು, ನಮಗೆಲ್ಲ ನೆನಪಿದೆ ಎಂದರು ಹೆಂಗಸರು. ಬಾಯಿಮಾತನ್ನು ಹೇಗೆ ನಂಬಲಿ ಎಂದರು ಉಚ್ಚಂಗೆಪ್ಪ. ಅಷ್ಟರಲ್ಲಿ ಓಣಿಯ ಕೊನೆಮನೆಯ ದೊಡ್ಡಬಸಮ್ಮ ಕೊಡ ಹೊತ್ತು ಬಂದಳು. ಅವಳನ್ನೇ ಕೇಳಿದರು. ಅವಳು ಕೊಡ ಇಳಿಸಿದಳು.

“ಮುಂಚೆ ಐದು ಮಂದಿಗೆ ಎದ್ದಿತ್ರಿ. ಬಟ್ಟಿ ಬಂದಮ್ಯಾಲೆ ನಮ್ಮತ್ತಿ ಒಬ್ಬಾಕಿಗೆ. ಸೋಸಿದ ನೀರು ಸಪ್ಪಗ ಐತಿ ಅಂತ ಬಾವ್ಯಾಗಿಂದ ಹಂಗ ಕುಡೀತಿದ್ಲು. ಹುಣ್ಣು ನಂಜಾಗಿ ಹೋಗಿಬಿಟ್ಲು. ಇದನ್ನ ಯಾರು ಮರೀತಾರ್ರಿ?”

ಸಾವಾದ ಮನೆಗೆ ವರ್ಷ ತುಂಬುವ ತನಕ ಸುಣ್ಣ ಬಳಿಯುವುದಿಲ್ಲ. ಸಾವಂತ್ರಮ್ಮನಿಗೆ ಆಗ ಹೊಳೆಯಿತು. ಉಚ್ಚಂಗೆಪ್ಪನವರನ್ನು ಸರಸರನೆ ಕೊನೆಮನೆಗೆ ಕರೆದೊಯ್ದಳು. ಮಾಸಿದ ಗೋಡೆಯಲ್ಲಿ ಮೇಲೆ ಐದು ಗೆರೆ, ಕೆಳಗೆ ಒಂದು.

ದೊಡ್ಡಬಸಮ್ಮನ ಬಾಯಿಮಾತಿಗೂ ಗೋಡೆಗೂ ತಾಳೆಯಾದದ್ದನ್ನು ಅವರು ಎಣಿಸಿ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಒಬ್ಬೊಬ್ಬರನ್ನೇ ಕರೆದು, ಅವರು ಹೇಳಿದ್ದನ್ನೆಲ್ಲ ಮಧ್ಯಾಹ್ನದವರೆಗೂ ಬರೆದುಕೊಂಡರು. ಬಟ್ಟೆ ನಿಲ್ಲಲಿಲ್ಲ.

ವರ್ಷ ತುಂಬಿದ ಮೇಲೆ ದೊಡ್ಡಬಸಮ್ಮನೂ ಸುಣ್ಣ ಬಳಿದಳು. ಮೇಲಿನ ಐದೂ ಗೆರೆ ಮುಚ್ಚಿಹೋದವು. ಕೆಳಗಿನ ಒಂದರ ಸುತ್ತ ಮಾತ್ರ ಗೇಣಗಲ ಜಾಗ ಬಿಟ್ಟಿದ್ದಳು.